ದೇವರ ಗೂಡಿನ ರಾಕ್ಷಸನ ಹಲ್ಲು

ನಮ್ಮ ಮನೆಯ ದೇವರ ಗೂಡಿನಲ್ಲಿ ಎಡಗಡೆ ದೇವರು, ಬಲಗಡೆ ಆ ದೇವರು ಕೊಂದ ರಾಕ್ಷಸನ ಹಲ್ಲು. ಇಬ್ಬರಿಗೂ ಒಂದೇ ಅರಿಶಿನ ಭಂಡಾರ, ಒಂದೇ ಊದಿನಕಡ್ಡಿ. ಚಿಕ್ಕವನಿದ್ದಾಗ ನನಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಗೆದ್ದವರು, ಸೋತವರು ಎಲ್ಲರ ಮನೆಯಲ್ಲೂ ಹೀಗೇ ಒಂದೇ ಗೂಡಿನಲ್ಲಿ ಹೊಂದಿಕೊಂಡಿರುತ್ತಾರೆ ಎಂದು ತಿಳಿದಿದ್ದೆ.

ಹಲ್ಲು ಒಂದು ಗೇಣಿಗೆ ಸ್ವಲ್ಪ ಕಡಿಮೆ. ಬಣ್ಣ ಹಳೆಯ ಬೆಲ್ಲದ್ದು. ಅಗಿಯುವ ಕಡೆ ರಂಟೆ ಹೊಡೆದ ಹೊಲದ ಹಾಗೆ ಅಡ್ಡಡ್ಡ ಗೆರೆಗಳು. ಎತ್ತಿದರೆ ರುಬ್ಬುಗುಂಡು ಎತ್ತಿದಂತೆ. ನಮ್ಮ ಮುತ್ತಜ್ಜ ದೇವರಗುಡ್ಡದ ಬದಿಯ ಹೊಲದಲ್ಲಿ ಬಾವಿ ತೋಡಿಸುವಾಗ ಸಿಕ್ಕಿದ್ದಂತೆ. ಗುಡ್ಡದ ದೇವರು ಅಣ್ಣತಮ್ಮ ಇಬ್ಬರು ರಾಕ್ಷಸರೊಡನೆ ಯುದ್ಧಕ್ಕೆ ನಿಂತಾಗ ತಮ್ಮನ ದವಡೆಗೆ ಏಟು ಬಿದ್ದು, ಹಲ್ಲು ಹಾರಿ ಬಂದು ನಮ್ಮ ಹೊಲ ಸೇರಿತು ಎಂಬುದು ಮನೆತನದ ಮಾತು. ಅದೇ ಹೊಲದ ಅಂಚಿನಲ್ಲಿ ಮೂರು ದೊಡ್ಡ ಬಂಡೆಗಳಿವೆ. ಅವು ಆ ಇಬ್ಬರ ಒಲೆಗುಂಡುಗಳು. ಅಡುಗೆ ಮಾಡುತ್ತಿದ್ದವನು ಅಣ್ಣನೋ ತಮ್ಮನೋ ಎಂದು ಒಮ್ಮೆ ಕೇಳಿ ಬೈಸಿಕೊಂಡಿದ್ದೇನೆ.

ಹಲ್ಲಿನ ಯಜಮಾನಿಕೆ ದೊಡ್ಡವ್ವನದು. ದೊಡ್ಡವ್ವ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ, ನನ್ನನ್ನು ಬೆಳೆಸಿದವಳು. ಈಗ ರಾಣೆಬೆನ್ನೂರಿನಲ್ಲಿ ಅವಳು ನಮ್ಮ ಮನೆಯಲ್ಲಿದ್ದಾಳೆ. ಕೆಲವು ದಿನ ಅವಳ ಮನೆಯಲ್ಲಿ ನಾನು, ನನ್ನ ಹೆಂಡತಿ ಇದ್ದೇವೆ ಎನಿಸುತ್ತದೆ. ವರ್ಷ ತುಂಬಿದರೂ ಹಲ್ಲು ಕಾಣದ ಕೂಸುಗಳನ್ನು ತಾಯಂದಿರು ಆದಿತ್ಯವಾರ ಮುಂಜಾನೆ ಅವಳ ಹತ್ತಿರ ತರುತ್ತಾರೆ. ಅವಳು ಹಿತ್ತಾಳೆ ಪರಾತದಲ್ಲಿ ಹಲ್ಲನ್ನಿಟ್ಟು, ನೀರು ಸುರಿದು, ಭಂಡಾರ ಉದುರಿಸಿ, ಆ ನೀರಿನಲ್ಲಿ ಬೆರಳದ್ದಿ ಕೂಸಿನ ವಸಡಿಗೆ ತಿಕ್ಕುತ್ತಾಳೆ. "ಅವನ ಹಲ್ಲಿನಂಗ ಗಟ್ಟಿ ಬಾ, ಅವನ ಹಲ್ಲಿನಂಗ ಉದುರಬ್ಯಾಡ" ಎಂದು ಮೂರು ಸಲ ಹೇಳುತ್ತಾಳೆ. ಅಷ್ಟೇ ಕೆಲಸ. ಯಾರಿಂದಲೂ ಏನೂ ಮುಟ್ಟುವುದಿಲ್ಲ. ಇಷ್ಟು ವರ್ಷದಲ್ಲಿ ಅವಳ ಕೈ ಮುಟ್ಟಿಯೂ ಹಲ್ಲು ಬಾರದೆ ಉಳಿದ ಕೂಸು ಒಂದೂ ಇಲ್ಲ.

ಕೂಸುಗಳಿಗೆ ಹಲ್ಲು ಹೇಗಿದ್ದರೂ ಬಂದೇ ಬರುತ್ತವೆ ಎಂದು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಒಮ್ಮೆ ನಾನು ಹೇಳಿದೆ.

"ಹೌದಲ್ಲ ಮತ್ತ, ಅದನ್ನಽ ನಾನೂ ಹೇಳಾಕತ್ತೇನಿ" ಎಂದಳು.

ನನ್ನ ಉದ್ಯೋಗವನ್ನೂ ಹೇಳಿಬಿಡುತ್ತೇನೆ, ಮುಂದೆ ಆದದ್ದಕ್ಕೆ ಅದೂ ಕಾರಣ. ನಾನು ಒಂದು ಬೀಜದ ಕಂಪನಿಯ ಪ್ರಯೋಗಾಲಯದಲ್ಲಿದ್ದೇನೆ. ನೂರು ಬೀಜ ಎಣಿಸಿ ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಒಂದು ವಾರ ಕಾದು, ಮೊಳೆಯದೇ ಉಳಿದವು ಎಷ್ಟು ಎಂದು ಬರೆದುಕೊಡುತ್ತೇನೆ. ಮೊಳೆತವುಗಳ ಬಗ್ಗೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಇಪ್ಪತ್ತೈದು ವರ್ಷ ಈ ಕೆಲಸ ಮಾಡಿದವನಿಗೆ ಚಿಂತೆ ಮಾಡುವುದನ್ನು ಬೇರೆ ಕಲಿಸಬೇಕಾಗಿಲ್ಲ. ಗ್ಯಾಸ್ ಬಂದ್ ಮಾಡಿದ್ದೇನೆಯೇ ಎಂದು ನೋಡಲು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದಿದ್ದೇನೆ. ಆಗ ನಮ್ಮ ಮನೆಯಲ್ಲಿ ಗ್ಯಾಸ್ ಖಾಲಿಯಾಗಿ ಎರಡು ದಿನವಾಗಿತ್ತು.

ಶ್ರಾವಣದ ಒಂದು ಆದಿತ್ಯವಾರ ನನ್ನ ಹೆಂಡತಿಯ ತಂಗಿ ಊಟಕ್ಕೆ ಬಂದಳು. ಅವಳು ಹಾವೇರಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ನಮ್ಮ ಮನೆಗೆ ಎಷ್ಟೋ ಸಲ ಬಂದಿದ್ದರೂ ದೇವರ ಗೂಡಿನ ಕಡೆ ನೋಡಿರಲಿಲ್ಲ, ಆ ವಿಷಯದಲ್ಲಿ ಅವಳು ನಾಸ್ತಿಕಳು. ಅಂದು ಪರಾತ ತೊಳೆದು ಹಲ್ಲನ್ನು ಹಿತ್ತಲಕಟ್ಟೆಯ ಮೇಲೆ ಆರಲು ಇಟ್ಟಿದ್ದರು. ಅವಳು ಕೈ ತೊಳೆಯಲು ಹೋದವಳು ಬಹಳ ಹೊತ್ತು ಬರಲಿಲ್ಲ. ನಾನು ಹೋಗಿ ನೋಡಿದರೆ ಹಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಳು.

"ಮಾಮಾ, ಇದನ್ನ ಎಲ್ಲಿಂದ ತಂದ್ರಿ?"

"ತಂದಿಲ್ಲ, ಮೊದಲಿಂದ ಐತಿ. ರಾಕ್ಷಸಂದು."

"ಇದು ಆನಿ ದವಡಿ ಹಲ್ಲು."

ಅವಳು ಕ್ಲಾಸಿನಲ್ಲಿದ್ದಂತೆ ಹೇಳುತ್ತ ಹೋದಳು. ಹಿಂದಿನವರಿಗೆ ನೆಲದಲ್ಲಿ ದೊಡ್ಡ ದೊಡ್ಡ ಎಲುಬು ಸಿಗುತ್ತಿದ್ದವು. ಅಷ್ಟು ದೊಡ್ಡ ಪ್ರಾಣಿಯನ್ನು ಆ ಸೀಮೆಯಲ್ಲಿ ಯಾರೂ ಕಂಡಿರುತ್ತಿರಲಿಲ್ಲ, ಹಾಗಾಗಿ ಎಲುಬಿಗೆ ತಕ್ಕ ದೈತ್ಯನನ್ನು ಕಟ್ಟಿಕೊಂಡರು. ಆನೆಯ ತಲೆಬುರುಡೆಯಲ್ಲಿ ಸೊಂಡಿಲಿನ ಜಾಗಕ್ಕೆ ನಡುವೆ ಒಂದು ದೊಡ್ಡ ತೂತು ಇರುತ್ತದೆ. ಅದನ್ನು ನೋಡಿದವರು ಒಂಟಿಕಣ್ಣಿನ ದೈತ್ಯ ಎಂದರು ಎನ್ನುವವರೂ ಇದ್ದಾರೆ. ಜಗತ್ತಿನ ಎಲ್ಲ ಕಡೆಯ ಪುರಾಣಗಳಲ್ಲೂ ದೈತ್ಯರಿದ್ದಾರೆ, ಎಲ್ಲ ಕಡೆಯ ನೆಲದಲ್ಲೂ ಎಲುಬುಗಳಿವೆ. ಇದೆಲ್ಲ ಕೇಳಲು ನನಗೆ ಚೆನ್ನಾಗಿಯೇ ಇತ್ತು. ಆಮೇಲೆ ಅವಳು ಟವೆಲಿನಿಂದ ಕೈ ಒರೆಸುತ್ತ, ಇನ್ನೊಂದು ಚಪಾತಿ ಬೇಡ ಎನ್ನುವ ದನಿಯಲ್ಲಿ ಒಂದು ಮಾತು ಸೇರಿಸಿದಳು.

"ಆನಿ ಹಲ್ಲು, ಕೊಂಬು ಏನಽ ಇರ್ಲಿ, ಪರವಾನಿಗಿ ಇಲ್ದ ಮನ್ಯಾಗ ಇಟ್ಕೊಳ್ಳೂದು ಅಪರಾಧ ಐತಿ ಮಾಮಾ. ಜೇಲಾಗ್ತದ."

ಅಂದಿನ ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಲೆಕ್ಕ ಹಾಕಿದೆ. ಹಲ್ಲನ್ನು ಒಪ್ಪಿಸಿಬಿಡಬಹುದು. ಆದರೆ ಹಲ್ಲು ಹೋದರೆ ದೊಡ್ಡವ್ವನ ಆದಿತ್ಯವಾರ ಹೋಗುತ್ತದೆ. ಎಂಬತ್ತರ ಹತ್ತಿರ ಬಂದವಳಿಗೆ ವಾರದ ಉಳಿದ ಆರು ದಿನಗಳು ಆ ಒಂದು ದಿನದ ತಯಾರಿ. ಹಲ್ಲು ಇಟ್ಟುಕೊಂಡರೆ ನಾನು ಜೈಲಿಗೆ ಹೋಗುತ್ತೇನೆ. ಹಲ್ಲು, ನಾನು ಇಬ್ಬರಲ್ಲಿ ಯಾರು ಹೋದರೆ ಮನೆಗೆ ಹೆಚ್ಚು ತೊಂದರೆ ಎಂದು ವಿಚಾರ ಮಾಡಿದೆ. ಉತ್ತರ ನನಗೆ ಅನುಕೂಲವಾಗಿ ಬರಲಿಲ್ಲ.

ಉಳಿದದ್ದು ಒಂದೇ ದಾರಿ. ಹಲ್ಲು ನಿಜವಾಗಿಯೂ ರಾಕ್ಷಸನದ್ದಾಗಿದ್ದರೆ ನಾನು ನಿರಪರಾಧಿ. ಕಾನೂನಿನಲ್ಲಿ ಆನೆಗೆ ರಕ್ಷಣೆ ಇದೆ, ಹುಲಿಗಿದೆ, ನಮ್ಮ ಊರ ಪಕ್ಕದ ಕೃಷ್ಣಮೃಗಕ್ಕಿದೆ, ರಾಕ್ಷಸನಿಗೆ ಇಲ್ಲ. ವಿಜ್ಞಾನ ಪದವೀಧರನಾದ ನಾನು ಐವತ್ತೆರಡನೆಯ ವಯಸ್ಸಿನಲ್ಲಿ, ವಕೀಲರ ಖರ್ಚಿಲ್ಲದೆ, ರಾಕ್ಷಸರನ್ನು ನಂಬಲು ಆರಂಭಿಸಿದೆ.

ನಂಬಿಕೆಗೆ ಆಧಾರ ಬೇಕಲ್ಲ. ಕನ್ನಡಿ ಮುಂದೆ ನಿಂತು ನನ್ನ ದವಡೆ ಹಲ್ಲನ್ನು ಸ್ಕೇಲಿನಿಂದ ಅಳೆದುಕೊಂಡೆ. ಗೂಡಿನ ಹಲ್ಲನ್ನೂ ಅಳೆದೆ. ಅದು ನನ್ನದರ ಇಪ್ಪತ್ತು ಪಟ್ಟು. ಹಾಗಾದರೆ ಆಸಾಮಿ ನನ್ನ ಇಪ್ಪತ್ತು ಪಟ್ಟು ಎತ್ತರ, ಅಂದರೆ ನೂರಾಹತ್ತು ಅಡಿ. ಮೊದಲು ಸಮಾಧಾನವಾಯಿತು, ಆಮೇಲೆ ಅನುಮಾನ ಬಂತು. ಪುರಾಣದ ರಾಕ್ಷಸರು ಅಡಿಯ ಲೆಕ್ಕದವರಲ್ಲ. ಒಬ್ಬ ಬಾಯಿ ತೆರೆದರೆ ಮೇಲ್ದವಡೆ ಮೋಡಕ್ಕೆ ತಾಗುತ್ತದೆ. ಇನ್ನೊಬ್ಬ ಆರು ತಿಂಗಳು ಮಲಗಿ ಎದ್ದು ಎಮ್ಮೆಗಳ ಹಿಂಡನ್ನೇ ನಾಷ್ಟಾ ಮಾಡುತ್ತಾನೆ. ಮತ್ತೊಬ್ಬನಿಗೆ ಊರವರು ದಿನಕ್ಕೊಂದು ಬಂಡಿ ಅನ್ನ, ಬಂಡಿ ಹೊಡೆಯುವವನ ಸಮೇತ ಕಳಿಸಬೇಕು. ಈ ಪೈಕಿ ನಮ್ಮವನು ಗಿಡ್ಡ. ನೀರಿನ ಟ್ಯಾಂಕಿನ ಮೇಲೆ ಕೈಯಿಟ್ಟು ನಿಲ್ಲುವಷ್ಟು ಮಾತ್ರ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಇದು ರಾಕ್ಷಸನ ಹಾಲುಹಲ್ಲಿರಬೇಕು. ಕೂಸುಗಳಿಗೆ ಆಗಿಬರುವುದಕ್ಕೂ ಇದೇ ಕಾರಣ ಎಂದುಕೊಂಡೆ. ಇಷ್ಟೊಂದು ಹೊಂದಿಕೊಳ್ಳುವ ಸಿದ್ಧಾಂತ ನನಗೆ ಪ್ರಯೋಗಾಲಯದಲ್ಲಿ ಎಂದೂ ಸಿಕ್ಕಿರಲಿಲ್ಲ.

ನಮ್ಮ ಓಣಿಯ ಮಠದಲ್ಲಿ ಶ್ರಾವಣ ಮುಗಿಯುವತನಕ ಸಂಜೆ ಪುರಾಣ ಹೇಳುತ್ತಾರೆ. ಮುಗಿಸಿ ಪೇಟಾ ತೆಗೆದಿಟ್ಟು ಚಹಾ ಕುಡಿಯುತ್ತಿದ್ದ ಶಾಸ್ತ್ರಿಗಳ ಪಕ್ಕ ಹೋಗಿ ಕುಳಿತೆ.

"ಶಾಸ್ತ್ರಿಗಳ, ಒಂದು ಸಂಶಯ ಇತ್ರಿ. ರಾಕ್ಷಸರಿಗೆ ಹಾಲುಹಲ್ಲು ಇರ್ತಿದ್ವೇನ್ರಿ?"

ಅವರು ಚಹಾ ಕೆಳಗಿಟ್ಟರು. "ಮೂವತ್ತು ವರ್ಷ ಆತು ಪುರಾಣ ಹೇಳಾಕತ್ತು. ಮುಕ್ತಿ ಹೆಂಗ ಸಿಗತೈತಿ ಅಂತ ಕೇಳ್ಯಾರ, ಮಗಳ ಲಗ್ನ ಯಾವಾಗ ಅಂತ ಕೇಳ್ಯಾರ. ಇದನ್ನ ಯಾರೂ ಕೇಳಿಲ್ಲ ನೋಡ್ರಿ."

"ಒಂದು ಹಲ್ಲು ಐತಿ ಅನ್ಕೋರಿ. ನೋಡಾಕ ಆನಿ ಹಲ್ಲಿನಂಗ ಐತಿ. ರಾಕ್ಷಸಂದು ಇರಬಹುದೇನು?"

"ಇರಬಹುದಲ್ಲ. ರಾಕ್ಷಸರು ಬೇಕಾದ ರೂಪ ತೊಗೋತಾರ. ಆನಿ ರೂಪದಾಗ ಬಂದು ಸತ್ತಾವರೂ ಅದಾರ. ಆನಿ ಆಗಿ ಸತ್ತಂದ್ರ ಹಲ್ಲು ಆನಿದಽ ಬೀಳತೈತಿ."

ಎದ್ದು ಮನೆಗೆ ಬಂದೆ. ಆನೆಯ ರೂಪದಲ್ಲಿ ಸತ್ತ ರಾಕ್ಷಸನಿಗೆ ಯಾವ ಕಾನೂನು ಅನ್ವಯಿಸುತ್ತದೆ? ಕೊಂದವನು ದೇವರು, ಇಟ್ಟುಕೊಂಡವನು ನಾನು. ದೇವರನ್ನು ಯಾರೂ ಹಿಡಿಯುವುದಿಲ್ಲ.

ಮರುದಿನ ರಜೆ ಹಾಕಿ ಹಾವೇರಿಗೆ ಹೋದೆ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಗುಮಾಸ್ತರೊಬ್ಬರು ತಲೆ ಎತ್ತಿದರು. ನಮ್ಮ ಪೈಕಿಯವರೊಬ್ಬರ ಮನೆಯಲ್ಲಿ ಮುತ್ತಜ್ಜನ ಕಾಲದ ಒಂದು ಹಲ್ಲು ಇದೆ, ಯಾವ ಪ್ರಾಣಿಯದೋ ಗೊತ್ತಿಲ್ಲ, ಅವರು ಏನು ಮಾಡಬೇಕು ಎಂದು ಕೇಳಿದೆ.

"ನಿಮ್ಮ ಪೈಕಿಯವರು ಅಂದ್ರ ನೀವಽ ಹೌದಲ್ರಿ?"

"ಛೆ, ಅಲ್ರಿ."

"ಅವರಿಗೆ ಹೇಳ್ರಿ, ಅಂಜೂದೇನಿಲ್ಲ. ಇದ್ದದ್ದು ಇದ್ದಂಗ ಒಂದು ಅರ್ಜಿ ಬರದು ಕೊಡ್ರಿ ಅನ್ರಿ. ಪ್ರಾಣಿ ಹೆಸರು, ಎಲ್ಲಿ ಸಿಕ್ತು, ಯಾವಾಗ ಸಿಕ್ತು. ನಾವು ಬಂದು ನೋಡ್ತೀವಿ. ಹೋಗೂಮುಂದ ಆ ಪುಸ್ತಕದಾಗ ನಿಮ್ಮ ಊರು, ಫೋನ್ ನಂಬರ ಬರದು ಹೋಗ್ರಿ."

ಅವರು ನಗುನಗುತ್ತಲೇ ಹೇಳಿದರು, ನಾನು ಬರೆದು ಬಂದೆ. ನಾನು ವಾಪಸು ಬರುವ ಬಸ್ಸಿನಲ್ಲಿ ಉಳಿದೆಲ್ಲ ಮರೆತು "ಬಂದು ನೋಡ್ತೀವಿ" ಎಂಬುದನ್ನೊಂದೇ ನೆನಪಿಟ್ಟುಕೊಂಡೆ.

ಆಮೇಲೆ ಮೂರನೆಯ ದಿನ ನಮ್ಮ ಓಣಿಯಲ್ಲಿ ಅರಣ್ಯ ಇಲಾಖೆಯ ಜೀಪು ನಿಂತಿತ್ತು. ಎದುರು ಮನೆಯ ಮೇಲೆ ಒಂದು ಮಂಗ ಕೇಬಲ್ಲಿಗೆ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸಲು ಬಂದಿದ್ದರು. ಇದು ನನಗೆ ತಿಳಿದದ್ದು ಸಂಜೆ. ಅಷ್ಟರೊಳಗೆ ನಾನು ಹಲ್ಲನ್ನು ಹಳೆಯ ಧೋತರದಲ್ಲಿ ಸುತ್ತಿ, ಊಟದ ಚೀಲದಲ್ಲಿಟ್ಟುಕೊಂಡು, ಹಿತ್ತಲ ಬಾಗಿಲಿನಿಂದ ಹೊರಬಿದ್ದು ಬ್ಯಾಡಗಿಯ ಬಸ್ಸು ಹತ್ತಿ ಆಗಿತ್ತು.

ಬ್ಯಾಡಗಿಯಲ್ಲಿ ನನ್ನ ಹೆಂಡತಿಯ ತಮ್ಮನದು ಮೆಣಸಿನಕಾಯಿ ದಲಾಲಿ ಅಂಗಡಿ. ಅವರಪ್ಪನ ಕಾಲದಿಂದ ನಡೆದುಬಂದದ್ದು. ಪ್ರತಿ ಸುಗ್ಗಿಯಲ್ಲಿ ಅವನು ಅಕ್ಕನ ಮನೆಗೆಂದು ಒಳ್ಳೆಯ ಕಾಯಿಯ ಒಂದು ಚೀಲ ಆರಿಸಿ, ಬಣ್ಣ ಕೆಡದಿರಲಿ ಎಂದು ಕೋಲ್ಡ್ ಸ್ಟೋರೇಜಿನಲ್ಲಿ ತನ್ನ ಚೀಲಗಳ ಜೊತೆ ಇಡಿಸುತ್ತಾನೆ. ನಾವು ಬೇಕಾದಾಗ ಸ್ವಲ್ಪ ಸ್ವಲ್ಪ ತಂದು ಖಾರ ಕುಟ್ಟಿಸುತ್ತೇವೆ. ಮನೆ ಚೀಲದ ಬಾಯಿಯನ್ನು ಕೆಂಪು ದಾರದಿಂದ ಹೊಲಿಯುವುದು, ಮಾರಾಟದ ಚೀಲವನ್ನು ಸುತಳಿಯಿಂದ ಹೊಲಿಯುವುದು ಆ ಅಂಗಡಿಯ ಪದ್ಧತಿ. ಖಾರಕ್ಕೆ ಕಾಯಿ ಬೇಕು ಎಂದು ಹೇಳಿ ಒಳಗೆ ಹೋದೆ. ಆ ಚಳಿಯಲ್ಲಿ ಕೆಂಪು ದಾರ ಬಿಚ್ಚಿ, ಚೀಲದ ಹೊಟ್ಟೆಯಲ್ಲಿ ಹಲ್ಲು ಹುದುಗಿಸಿದೆ. ಕೆಂಪು ದಾರ ಹರಿದುಹೋಗಿತ್ತು. ನಾನು ಅಚ್ಚುಕಟ್ಟಿನ ಮನುಷ್ಯ, ಪಕ್ಕದಲ್ಲಿ ಬಿದ್ದಿದ್ದ ಸುತಳಿಯಿಂದ ಉಳಿದ ಚೀಲಗಳಂತೆಯೇ ನೀಟಾಗಿ ಹೊಲಿದು ಬಂದೆ. ಎಷ್ಟು ನೀಟಾಗಿತ್ತೆಂದರೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಯಾವುದು ನಮ್ಮ ಚೀಲ ಎಂದು ನನಗೇ ತಿಳಿಯಲಿಲ್ಲ. ಅದನ್ನು ನಾನು ಜಯವೆಂದುಕೊಂಡೆ.

ದೇವರ ಗೂಡಿನಲ್ಲಿ ಹಲ್ಲಿಗೆ ಯಾವಾಗಲೂ ಹೊದಿಸಿರುವ ಕುಸುಬಿ ಬಣ್ಣದ ವಸ್ತ್ರದ ಕೆಳಗೆ ಒಂದು ತೆಂಗಿನಕಾಯಿ ಇಟ್ಟಿದ್ದೆ. ಕೂಸು ಬಾರದೆ ದೊಡ್ಡವ್ವ ವಸ್ತ್ರ ಸರಿಸುವುದಿಲ್ಲ. ಒಂದು ಆದಿತ್ಯವಾರ ಯಾರೂ ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯ ಆದಿತ್ಯವಾರ ದೇವರಗುಡ್ಡದಿಂದ ಒಬ್ಬಳು ಹದಿನೈದು ತಿಂಗಳ ಹೆಣ್ಣುಕೂಸು ಎತ್ತಿಕೊಂಡು ಬಂದಳು. ಕೂಸಿನ ಬಾಯಿ ಬೋಳು. ಅತ್ತೆಮನೆಯವರು ಇದು ಹಿಂಗಽ ಉಳಿಯೂದೇನು ಎಂದು ಆಡಿಕೊಳ್ಳುತ್ತಾರಂತೆ. ಹೇಳುತ್ತ ಹೇಳುತ್ತ ಅವಳ ಕಣ್ಣಲ್ಲಿ ನೀರು ಬಂತು.

ದೊಡ್ಡವ್ವ ಪರಾತ ಇಟ್ಟಳು, ನೀರು ಹಾಕಿದಳು, ವಸ್ತ್ರ ತೆಗೆದಳು.

ತೆಂಗಿನಕಾಯಿಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಹೆಂಡತಿಯನ್ನು ನೋಡಲಿಲ್ಲ, ಸೀದಾ ನನ್ನನ್ನೇ.

"ತಮ್ಮಾ, ಹಲ್ಲು ಎಲ್ಲಿ?"

"ಬೆಳ್ಳಿ ಕಟ್ಟಸಾಕ ಕೊಟ್ಟೇನಿ ದೊಡ್ಡವ್ವ" ಎಂದೆ. ಎಲ್ಲಿಂದ ಬಂತೋ ಆ ಮಾತು. "ನಿನಗ ಹೇಳ್ದಽ ಮಾಡಸ್ಬೇಕಂತ ಇದ್ದೆ."

ನಾನು ಬೈಗುಳಕ್ಕೆ ತಯಾರಾಗಿದ್ದೆ. ಅವಳ ಮುಖ ಅರಳಿತು. ಮದುವೆಯಾಗಿ ಬಂದಾಗಿನಿಂದ ಹಲ್ಲಿಗೆ ಬೆಳ್ಳಿ ಕಟ್ಟಿಸಬೇಕು ಎಂದು ಅವಳ ಮನಸ್ಸಿನಲ್ಲಿತ್ತಂತೆ, ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲವಂತೆ. ಕೂಸಿನ ತಾಯಿಗೆ, "ಮುಂದಿನ ಐತವಾರ ಬಾರವ್ವ, ಬೆಳ್ಳಿ ಹಾಕ್ಕೊಂಡು ಬರ್ತಾನಂತ, ಇನ್ನಷ್ಟು ಛಲೋ ಆಗತೈತಿ" ಎಂದಳು. ತಾಯಿ ಹೋದ ಮೇಲೆ ದೊಡ್ಡವ್ವ ಕೋಲು ಹಿಡಿದು ಓಣಿಗೆ ಹೊರಟಳು. ನಾಲ್ಕು ಮನೆ ದಾಟುವವರೆಗೆ ಅವಳ ದನಿ ನನಗೆ ಕೇಳುತ್ತಿತ್ತು: "ನಮ್ಮ ತಮ್ಮ ಬೆಳ್ಳಿ ಕಟ್ಟಸಾಕತ್ಯಾನ."

ಸೋಮವಾರ ಮುಂಜಾನೆಯೇ ಬ್ಯಾಡಗಿಗೆ ಹೋದೆ. ಮಾರುಕಟ್ಟೆಯ ಯಾರ್ಡು ಒಂದು ಫರ್ಲಾಂಗು ದೂರವಿರುವಾಗಲೇ ಸೀನು ಶುರುವಾಯಿತು. ಒಳಗೆ ಅಂಗಡಿ ಅಂಗಡಿಯ ಮುಂದೆ ಕೆಂಪು ರಾಶಿಗಳು, ಟವೆಲಿನಿಂದ ಮುಖ ಸುತ್ತಿಕೊಂಡ ಜನ. ನನ್ನ ಹೆಂಡತಿಯ ತಮ್ಮನ ಅಂಗಡಿ ಮುಂದೆ ಮಾತ್ರ ಗುಂಪು ಕೂಡಿತ್ತು. ಹತ್ತಿರ ಹೋದೆ. ಅಂದು ಟೆಂಡರಿಗೆಂದು ಕೋಲ್ಡ್ ಸ್ಟೋರೇಜಿನಿಂದ ಚೀಲ ತರಿಸಿ ಒಬ್ಬ ರೈತನ ರಾಶಿ ಸುರುವಿದ್ದರು. ಸುತಳಿ ಹೊಲಿಗೆಯ ನಮ್ಮ ಚೀಲವೂ ಆ ರಾಶಿಯಲ್ಲಿ ಸೇರಿತ್ತು. ಬರಿದಾದ ಒಂದು ಗೋಣಿಯ ಮೇಲೆ ಹಲ್ಲು ಕುಳಿತಿತ್ತು. ಎರಡು ವಾರದ ಮೇಲೆ ಕಾಯಿಯೊಳಗಿದ್ದು ಮೈಯೆಲ್ಲ ಕೆಂಪಾಗಿತ್ತು, ಯಾರನ್ನೋ ತಿಂದು ಈಗಷ್ಟೇ ಬಂದಂತೆ.

ಒಬ್ಬ ಖರೀದಿದಾರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಸಾವ್ಕಾರ, ಚೀಲದಾಗ ಕಲ್ಲು ಹಾಕಿ ತೂಕ ಮಾಡೂದು ಯಾವಾಗಿಂದ ಚಾಲೂ ಮಾಡಿದ್ರಿ?"

"ನಮ್ಮ ಅಂಗಡಿ ಚೀಲದಾಗ ಇವತ್ತಿನ ತನಕ ಒಂದು ಹರಳು ಬಂದಿಲ್ರಿ" ಎಂದ ಹೆಂಡತಿಯ ತಮ್ಮ. ಅವನ ಮುಖ ಸುಣ್ಣವಾಗಿತ್ತು. ರಾಶಿಯ ರೈತನ ಕಡೆ ತಿರುಗಿದ. ಆತ ಹೆಗಲ ಟವೆಲು ಕೈಗೆ ತೆಗೆದುಕೊಂಡು, "ದೇವರಾಣಿ, ನಾ ಹಾಕಿಲ್ರಿ. ನನ್ನ ಹೊಲದಾಗ ಇಷ್ಟು ದೊಡ್ಡ ಕಲ್ಲಽ ಇಲ್ಲ" ಎಂದ.

ನಾನು ಸುಮ್ಮನೆ ಹಿಂದೆ ಸರಿದು ಬಸ್ಸು ಹತ್ತಬಹುದಿತ್ತು. ಎರಡು ಹೆಜ್ಜೆ ಸರಿದೆ ಕೂಡ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಸೀನು ಬಂತು, ಎಲ್ಲರೂ ತಿರುಗಿ ನೋಡಿದರು.

"ಅದು ನಂದು" ಎಂದೆ.

"ಕಲ್ಲೇನ್ರಿ?" ಎಂದ ಖರೀದಿದಾರ.

"ಕಲ್ಲಲ್ರಿ. ಹಲ್ಲು."

ಅವನು ನನ್ನ ಬಾಯಿಯ ಕಡೆ ನೋಡಿದ. "ಯಾರದು?"

ಇದೇ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ನಾನು ಒಂದು ತಿಂಗಳಿನಿಂದ ಓಡಾಡಿದ್ದೆ. ಆನೆಯದು ಎಂದರೆ ಇನ್ನೂರು ಜನರ ಮುಂದೆ ತಪ್ಪೊಪ್ಪಿಗೆ. ರಾಕ್ಷಸನದು ಎಂದರೆ ಇನ್ನೂರು ಜನರ ಮುಂದೆ ಹುಚ್ಚ. ಬೀಜದ ಕಂಪನಿಯ ಗುರುತಿನ ಚೀಟಿ ಕೊರಳಲ್ಲಿ ನೇತಾಡುತ್ತಿತ್ತು. ಅದನ್ನು ಅಂಗಿಯ ಒಳಗೆ ಹಾಕಿಕೊಂಡು ಹೇಳಿದೆ:

"ರಾಕ್ಷಸಂದು."

ಯಾರೂ ನಗಲಿಲ್ಲ. ಖರೀದಿದಾರ ಕೇಳಿದ, "ಅಣ್ಣಂದೋ, ತಮ್ಮಂದೋ?"

"ತಮ್ಮಂದು."

ಆಗ ಹಿಂದಿನಿಂದ ಒಬ್ಬ ಹಮಾಲ, ವಯಸ್ಸಾದವನು, ಕೊಕ್ಕೆಯನ್ನು ಹೆಗಲಿಗೆ ಸಿಕ್ಕಿಸಿಕೊಂಡು ಮುಂದೆ ಬಂದ. "ಹೌದ್ರಿ, ಇದು ರಾಣೆಬೆನ್ನೂರು ದೊಡ್ಡವ್ವಾರದು. ನನ್ನ ಮಗಳ ವಸಡಿಗೆ ಇದರ ನೀರಽ ಹಚ್ಚಿದ್ರು. ಈಗ ಅಕಿ ಕಬ್ಬು ಸಿಗದು ತಿಂತಾಳ." ಆಮೇಲೆ ನನ್ನ ಕಡೆ ತಿರುಗಿದ. "ಚೀಲ ಬೆನ್ನಿಗೆ ಬಂದ ಕೂಡ್ಲೆ ಗೊತ್ತಾತು ನೋಡ್ರಿ. ಮೆಣಸಿನಕಾಯಿ ಚೀಲ ಬೆನ್ನ ಮ್ಯಾಲೆ ನಿದ್ದಿ ಹತ್ತಿದ ಕೂಸಿನಂಗ ಇರ್ತೈತಿ. ಇದು ಒದ್ಯಾಕತ್ತಿತ್ತು."

ಖರೀದಿದಾರ ಬಗ್ಗಿ ಹಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಕಣ್ಣಿಗೆ ಒತ್ತಿಕೊಳ್ಳಬಾರದಿತ್ತು. ನಳದ ಕಡೆ ಅವನನ್ನು ಕೈಹಿಡಿದು ಕರೆದೊಯ್ಯಬೇಕಾಯಿತು. ಮುಖ ತೊಳೆದುಕೊಂಡು ಬಂದು ಅದೇ ರಾಶಿಗೆ ಟೆಂಡರ್ ಬರೆದ. ರೈತ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ.

ನನ್ನ ಹೆಂಡತಿಯ ತಮ್ಮ ನನ್ನನ್ನು ರಿಕ್ಷಾ ತನಕ ಬಿಡಲು ಬಂದ. ರಿಕ್ಷಾ ಹತ್ತಿಸಿ ಹೇಳಿದ, "ಮಾಮಾ, ಮನ್ಯಾಗ ರಾಕ್ಷಸನ್ನ ಇಟ್ಕೋತೀರಿ, ಇಟ್ಕೋರಿ. ಸುತಳಿ ಯಾಕ ಹೊಲಿದ್ರಿ?"

ಮನೆಗೆ ಬಂದು ಹಲ್ಲನ್ನು ದೊಡ್ಡವ್ವನ ಮುಂದೆ ಇಟ್ಟೆ. ಜೀಪು, ಜೈಲು, ಆನೆ, ಚೀಲ ಎಲ್ಲವನ್ನೂ ಹೇಳಿದೆ. ಅವಳು ಜೋಳದ ರೊಟ್ಟಿ ಮುರಿದು ಮುರಿದು ಪಲ್ಯಕ್ಕೆ ಹಚ್ಚುತ್ತ ಕೇಳಿದಳು.

"ಆನಿದಂತನು?"

"ಹಂಗಂತಾಳ ಅಕಿ."

"ಅಷ್ಟು ದೊಡ್ಡದು ಮತ್ತೇನು ಇಲಿದಿರತೈತೇನು?" ಎಂದಳು. "ಬೆಳ್ಳಿ ಎಲ್ಲಿ?"

ಬೆಳ್ಳಿಯ ಮಾತು ಸುಳ್ಳು ಎಂದೆ. ಆಗ ರೊಟ್ಟಿ ಕೆಳಗಿಟ್ಟಳು. ಆನೆಯ ಮಾತಿಗೆ ಕೆಳಗಿಡದ ರೊಟ್ಟಿ, ಜೈಲಿನ ಮಾತಿಗೆ ಕೆಳಗಿಡದ ರೊಟ್ಟಿ. "ಓಣಿಗೆಲ್ಲ ಹೇಳೀನಿ ತಮ್ಮಾ" ಎಂದಳು. ಅಷ್ಟೇ. ಬೈದಿದ್ದರೆ ನನಗೆ ಊಟ ಸೇರುತ್ತಿತ್ತು.

ಸಂಜೆ ಹಲ್ಲನ್ನು ಕಡಲೆಹಿಟ್ಟು ಹಚ್ಚಿ ತಿಕ್ಕಿದಳು. ನೀರು ಕೆಂಪಗೆ ಹರಿಯಿತು. ಮತ್ತೆ ತಿಕ್ಕಿದಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರೂ ಬರೆಯುತ್ತಾರೆ. ಬರೆದವರು ಯಾರೂ ಅದನ್ನು ವಸಡಿಗೆ ಹಚ್ಚಿಕೊಂಡು ನೋಡಿಲ್ಲ. ಹಲ್ಲಿನ ಗೆರೆಗಳ ಸಂದಿಯಲ್ಲಿ ಇನ್ನೂ ಎಷ್ಟು ಉಳಿದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಆದಿತ್ಯವಾರ ಬರುವುದು ಹದಿನೈದು ತಿಂಗಳ ಕೂಸು.

"ನೀ ದಿನಾ ಬೀಜ ಪರೀಕ್ಷಾ ಮಾಡಾಂವ ಹೌದಿಲ್ಲೋ" ಎಂದಳು ದೊಡ್ಡವ್ವ. "ಬಾಯಿ ತೆಗಿ."

ಮಂಗಳವಾರ ಉರಿಯಿತು. ಬುಧವಾರವೂ ಉರಿಯಿತು, ಕಚೇರಿಯಲ್ಲಿ ನನ್ನ ತುಟಿ ನೋಡಿ ಜೇನು ಕಡಿದಿದೆಯೇ ಎಂದು ಕೇಳಿದರು. ಗುರುವಾರ ಮಜ್ಜಿಗೆಯಲ್ಲಿ ನೆನೆಹಾಕಿದಳು. ಶುಕ್ರವಾರ ಬರೀ ಚುರುಗುಟ್ಟಿತು. ಶನಿವಾರ ಉರಿ ಇದೆಯೋ, ನಿನ್ನೆಯದರ ನೆನಪೋ ತಿಳಿಯಲಿಲ್ಲ, ಹಾಗೆಯೇ ಹೇಳಿದೆ. "ಆ ನೆನಪನ್ನ ನಾಳಿ ಮುಂಜಾನಿತನ ಮರೀ" ಎಂದಳು.

ಅದೇ ವಾರ ಅರ್ಜಿಯನ್ನೂ ಬರೆದೆ. ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು ಎಲ್ಲ ಇದ್ದದ್ದು ಇದ್ದಂತೆ. ಪ್ರಾಣಿಯ ಹೆಸರು ಎಂಬಲ್ಲಿ ಪೆನ್ನು ನಿಂತಿತು. ದೊಡ್ಡವ್ವನನ್ನು ಕೇಳಿದೆ.

"ಗೊತ್ತಿಲ್ಲಂತ ಬರಿ. ತಿಳದವರು ಬಂದು ನೋಡ್ಲಿ. ಒಯ್ತೀವಿ ಅಂದ್ರ ಒಯ್ಲಿ, ಆದ್ರ ಆ ಕೂಸಿಂದು ಆದ ಮ್ಯಾಲೆ ಬರ್ರಿ ಅಂತ ಬರಿ."

ಕೊನೆಯ ಮಾತನ್ನು ಸ್ವಲ್ಪ ಕಚೇರಿಯ ಭಾಷೆಗೆ ತಿರುಗಿಸಿ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ.

ಆದಿತ್ಯವಾರ ದೇವರಗುಡ್ಡದವಳು ಎಂಟಕ್ಕೇ ಬಂದಳು. ಪರಾತ, ನೀರು, ಭಂಡಾರ. ಹಲ್ಲು ಎಷ್ಟು ತೊಳೆದರೂ ಗೆರೆಗಳಲ್ಲಿ ಕೆಂಪು ಹಾಗೆಯೇ ನಿಂತಿತ್ತು. ದೊಡ್ಡವ್ವ ಬೆರಳದ್ದಿ ಕೂಸಿನ ಕಡೆ ಒಯ್ದವಳು ನಡುವೆ ಕೈ ತಡೆದಳು. ಮುಂಜಾನೆಯೇ ನನ್ನ ಪರೀಕ್ಷೆ ಆಗಿತ್ತು. ಆದರೂ ಅವಳಿಗೆ ಮನಸ್ಸು ಒಪ್ಪಲಿಲ್ಲ. ಕೈ ನನ್ನ ಕಡೆ ತಿರುಗಿಸಿದಳು.

"ಇನ್ನೊಮ್ಮೆ ಬಾಯಿ ತೆಗಿ."

"ದೊಡ್ಡವ್ವ, ಮಂದಿ ಅದಾರ."

"ತೆಗಿ ಅಂದ್ನಿ."

ತಾಯಿ, ಕೂಸು ಇಬ್ಬರ ಎದುರು ಮೊಣಕಾಲೂರಿ ಬಾಯಿ ತೆಗೆದೆ. ದೊಡ್ಡವ್ವ ನನ್ನ ಕೆಳವಸಡಿಗೆ ತಿಕ್ಕುತ್ತ, ಅಭ್ಯಾಸಬಲದಿಂದ, "ಅವನ ಹಲ್ಲಿನಂಗ ಗಟ್ಟಿ ಬಾ, ಅವನ ಹಲ್ಲಿನಂಗ ಉದುರಬ್ಯಾಡ" ಎಂದು ಮೂರೂ ಸಲ ಹೇಳಿಬಿಟ್ಟಳು. ಉರಿ ಇರಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ. ಕೂಸು ನನ್ನನ್ನೇ ನೋಡುತ್ತಿತ್ತು. ನೋಡುತ್ತ ನೋಡುತ್ತ ಬಾಯಿ ತುಂಬ ನಕ್ಕಿತು. ಕೆಳವಸಡಿನಲ್ಲಿ ಜೋಳದ ನುಚ್ಚಿನಷ್ಟು ಬೆಳ್ಳಗೆ ಒಂದು ಕಾಣಿಸಿತು.

ಮೊದಲು ಕಂಡದ್ದು ನನಗೆ, ಆಮೇಲೆ ದೊಡ್ಡವ್ವನಿಗೆ. ಅವಳ ಬೆರಳು ಇನ್ನೂ ನನ್ನ ಬಾಯಲ್ಲೇ ಇತ್ತು, ಹಾಗಾಗಿ ಆ ಬೆರಳು ಒಂದು ಕ್ಷಣ ಸೋತದ್ದು ನನಗೆ ಗೊತ್ತಾಯಿತು. ಅವಳ ಕೈ ಮುಟ್ಟುವ ಮೊದಲೇ ಹಲ್ಲು ಬಂದದ್ದು ಇದೇ ಮೊದಲು. ತಾಯಿ ಇಣುಕಿ ನೋಡಿದಳು.

"ಅಯ್ಯ, ನಿನ್ನಿ ಇರ್ಲಿಲ್ರಿ ಇದು" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇವ್ರ ಬಾಯಾಗ ಹಚ್ಚಿದ್ದು ಇಕಿ ಬಾಯಾಗ ಬಂತಲ್ರಿ ದೊಡ್ಡವ್ವಾರ."

ದೊಡ್ಡವ್ವ ನನ್ನ ಬಾಯಿಂದ ಬೆರಳು ತೆಗೆದು ಸೆರಗಿಗೆ ಒರೆಸಿಕೊಂಡಳು.

"ಬರ್ಲಿಕ್ಕಽ ಬೇಕಲ್ಲ ಮತ್ತ" ಎಂದಳು. ಆಮೇಲೆ ಮುಂದಿನ ಹಲ್ಲುಗಳಿಗೆ ಇರಲಿ ಎಂದು ಕೂಸಿನ ವಸಡಿಗೂ ಮೂರು ಸಲ ತಿಕ್ಕಿದಳು.

ಇದಾಗಿ ನಾಲ್ಕು ತಿಂಗಳಾಯಿತು. ಅರ್ಜಿ ತಲುಪಿದೆ, ಬಂದು ನೋಡುತ್ತೇವೆ ಎಂದು ಹಾವೇರಿಯಿಂದ ಫೋನ್ ಬಂದಿತ್ತು. ಇನ್ನೂ ಬಂದಿಲ್ಲ. ಬರಲಿಲ್ಲವಲ್ಲ ಎಂಬ ಚಿಂತೆ, ಬಂದರೆ ಏನು ಎಂಬ ಚಿಂತೆ ಎರಡನ್ನೂ ದಿನ ಬಿಟ್ಟು ದಿನ ಮಾಡುತ್ತೇನೆ. ದೇವರಗುಡ್ಡದವಳು ತನ್ನ ಊರಲ್ಲಿ ಕಥೆ ಹೇಳಿದಳು. ಅಲ್ಲಿಂದ ಅದು ಸುತ್ತಲ ಹಳ್ಳಿಗಳಿಗೆ ಹೋಯಿತು. ಈಗ ಬರುವ ತಾಯಂದಿರು ಹಲ್ಲಿನ ನೀರೊಂದಕ್ಕೇ ಒಪ್ಪುವುದಿಲ್ಲ. "ಅವ್ರ ಇಲ್ಲೇನ್ರಿ ಮನ್ಯಾಗ?" ಎಂದು ನನ್ನ ಬಗ್ಗೆ ಕೇಳುತ್ತಾರೆ. ಆದಿತ್ಯವಾರ ಮುಂಜಾನೆ ನಾನು ಸಂತೆಗೆ ಹೋಗುವಂತಿಲ್ಲ. ಬಂದ ಕೂಸಿನ ಎದುರು ಮೊಣಕಾಲೂರಬೇಕು, ಬಾಯಿ ತೆಗೆಯಬೇಕು, ದೊಡ್ಡವ್ವ ಮೊದಲು ನನ್ನ ವಸಡಿಗೆ ತಿಕ್ಕಬೇಕು. ಹೀಗೆ ಮಾಡುವುದು ಮುತ್ತಜ್ಜನ ಕಾಲದಿಂದಲೂ ಇದೆ ಎಂದು ಓಣಿಯವರೊಬ್ಬರು ಯಾರಿಗೋ ಹೇಳುತ್ತಿದ್ದುದನ್ನು ಮೊನ್ನೆ ಕೇಳಿಸಿಕೊಂಡೆ.

ಹೋದ ವಾರ ಹೊಸರಿತ್ತಿಯಿಂದ ಒಬ್ಬಳು ಬಂದಿದ್ದಳು. ನಾನು ಬಾಯಿ ತೆಗೆದೆ, ದೊಡ್ಡವ್ವ ತಿಕ್ಕಿದಳು, ನಾನು ಬಾಯಿ ಮುಚ್ಚಿ ಏಳಲು ಹೋದೆ.

"ಇನ್ನೊಮ್ಮೆ ತೆಗೀರಿ" ಎಂದಳು ಆಕೆ. "ಅವಳಿಜವಳಿ ಅದಾವ. ಇನ್ನೊಂದು ಕೂಸು ಇದರಪ್ಪನ ಕೈಯಾಗ ಹೊರಗ ಐತ್ರಿ."